ಗ್ರೇಹೌಂಡ್ ರಕ್ತ ಮತ್ತು ನಿಂತುಹೋದ ರೇಸು

ಅಮೆರಿಕದ ಪಶುವೈದ್ಯಕೀಯ ತುರ್ತು ಚಿಕಿತ್ಸಾಲಯಗಳಲ್ಲಿ ನಾಯಿಗೆ ಏರಿಸುವ ರಕ್ತದ ಚೀಲ ಅನೇಕ ವರ್ಷಗಳ ಕಾಲ ಬಹಳಷ್ಟು ಸಲ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ನಾಯಿಯದೇ ಆಗಿರುತ್ತಿತ್ತು. ಆ ರೇಸು ಈಗ ಹೆಚ್ಚುಕಡಿಮೆ ಮುಗಿದಿದೆ. 2018ರ ನವೆಂಬರಿನಲ್ಲಿ ಫ್ಲೋರಿಡಾದ ಮತದಾರರು ಶೇ. 69ರಷ್ಟು ಬಹುಮತದಿಂದ ಬಾಜಿಯ ನಾಯಿ ಓಟವನ್ನು ನಿಷೇಧಿಸಿದರು. ದೇಶದಲ್ಲಿದ್ದ 17 ಓಟದ ಅಂಗಳಗಳಲ್ಲಿ 11 ಆ ಒಂದೇ ರಾಜ್ಯದಲ್ಲಿದ್ದವು ಮತ್ತು 2020ರ ಡಿಸೆಂಬರ್ 31ರೊಳಗೆ ಅವೆಲ್ಲವೂ ನಿಂತವು. ಆಮೇಲೆ ಅಯೋವಾ ಮತ್ತು ಆರ್ಕನ್ಸಾಗಳಲ್ಲೂ ಬಾಗಿಲು ಮುಚ್ಚಿ, ಉಳಿದದ್ದು ವೆಸ್ಟ್ ವರ್ಜೀನಿಯಾದ ಎರಡೇ ಅಂಗಳ. ಹಾಗಾದರೆ ರಕ್ತ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ನಾಯಿ ಸಾಕಿರುವ ಕನ್ನಡಿಗರು ಇಲ್ಲಿ ನನ್ನನ್ನು ಆಗಾಗ ಕೇಳುತ್ತಾರೆ.

ಗ್ರೇಹೌಂಡನ್ನೇ ಏಕೆ ಆರಿಸಿಕೊಂಡರು ಎಂಬುದನ್ನು ಮೊದಲು ಹೇಳಬೇಕು. ನಾಯಿಯ ರಕ್ತವನ್ನು ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಗೆ ತುಂಬಿ ಯಂತ್ರದಲ್ಲಿ ರಭಸವಾಗಿ ತಿರುಗಿಸಿದರೆ ಕೆಂಪುಕಣಗಳೆಲ್ಲ ತಳಕ್ಕಿಳಿದು, ಅವುಗಳ ಮೇಲೆ ಬಿಳಿಕಣಗಳ ತೆಳು ಗೆರೆಯೊಂದು ಕುಳಿತು, ತಿಳಿ ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಕೆಂಪು ಭಾಗದ ಎತ್ತರ ಸಾಮಾನ್ಯ ನಾಯಿಗಳಲ್ಲಿ ಕೊಳವೆಯ ಶೇ. 37ರಿಂದ 55ರಷ್ಟಿದ್ದರೆ, ಗ್ರೇಹೌಂಡ್‌ನಲ್ಲಿ ಅದು 50ರಿಂದ 65ರವರೆಗೂ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ಮೀರಿ ಓಡಬಲ್ಲ ಸ್ನಾಯುಗಳಿಗೆ ಆಮ್ಲಜನಕ ಸಾಗಿಸಲೆಂದು ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡ ರಕ್ತ ಅದು. ಅಷ್ಟೇ ಗಾತ್ರದ ಚೀಲದಲ್ಲಿ ಹೆಚ್ಚು ಕೆಂಪುಕಣ ಸಿಗುವುದೆಂದರೆ ರಕ್ತನಿಧಿಗೆ ಇನ್ನೇನು ಬೇಕು? ಆದರೆ ಇದೇ ಗುಣ ಹೊಸ ವೈದ್ಯರನ್ನು ದಾರಿ ತಪ್ಪಿಸುವುದೂ ಉಂಟು. ಕೆಂಪುಕಣ ಹೆಚ್ಚಿರುವುದನ್ನು ಕಂಡು ನಾಯಿಗೆ ನೀರಿನಂಶ ಕಡಿಮೆಯಾಗಿದೆಯೆಂದು ಸಲೈನ್ ಹಾಕುತ್ತಾರೆ. ಪ್ಲೇಟ್‌ಲೆಟ್ ಕಡಿಮೆ ಇರುವುದನ್ನು ಕಂಡು ಉಣುಗಿನ ಜ್ವರವೆನ್ನುತ್ತಾರೆ. ಥೈರಾಯ್ಡ್ ಹಾರ್ಮೋನು ಕಡಿಮೆ ಇರುವುದನ್ನು ನೋಡಿ ಬೇಡದ ಮಾತ್ರೆ ಬರೆಯುತ್ತಾರೆ. ಇವೆಲ್ಲವೂ ಆರೋಗ್ಯವಂತ ಗ್ರೇಹೌಂಡ್‌ಗೆ ಸಹಜವಾದ ಅಂಕಿಗಳು.

ಎರಡನೆಯ ಕಾರಣ ರಕ್ತದ ಗುಂಪು. ನಾಯಿಗಳಲ್ಲಿ ಹಲವು ಗುಂಪುಗಳಿದ್ದರೂ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದದ್ದು ಡಿಇಎ 1, ಅಂದರೆ ಕೆಂಪುಕಣಗಳ ಮೇಲಿರುವ ಒಂದು ಗುರುತು; ಅದಿದ್ದರೆ ರಕ್ತ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಮನುಷ್ಯರಲ್ಲಿರುವಂತೆ ಹುಟ್ಟಿನಿಂದಲೇ ಬರುವ ಪ್ರತಿಕಾಯಗಳು ಇದರ ವಿರುದ್ಧ ನಾಯಿಯಲ್ಲಿ ಇರುವುದಿಲ್ಲವಾದ್ದರಿಂದ ಗುಂಪು ಹೊಂದದಿದ್ದರೂ ಮೊದಲ ಸಲದ ರಕ್ತ ಸಾಮಾನ್ಯವಾಗಿ ತೊಂದರೆ ಕೊಡದು. ಆದರೆ ದೇಹ ಆಗಲೇ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ, ಕೆಲವು ದಿನಗಳ ನಂತರ ಅದೇ ಗುಂಪಿನ ರಕ್ತ ಮತ್ತೆ ಏರಿಸಿದರೆ ಕೆಂಪುಕಣಗಳು ಒಡೆದು ಪ್ರಾಣಕ್ಕೇ ಕುತ್ತು ಬರಬಹುದು. ಡಿಇಎ 1 ನೆಗೆಟಿವ್ ರಕ್ತಕ್ಕೆ ಬೇಡಿಕೆ ಇರುವುದು ಇದಕ್ಕಾಗಿಯೇ. ಗ್ರೇಹೌಂಡ್‌ಗಳಲ್ಲಿ ಹೆಚ್ಚಿನವು ನೆಗೆಟಿವ್. ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹೆಚ್ಚಿನವು ಪಾಸಿಟಿವ್.

ಇನ್ನು ಸ್ವಭಾವ. ಮರಿಯಾಗಿದ್ದಾಗಿನಿಂದ ಅಪರಿಚಿತ ಕೈಗಳಿಗೆ ಒಗ್ಗಿಕೊಂಡ ಈ ನಾಯಿಯನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದರೆ ಮಂಪರಿನ ಚುಚ್ಚುಮದ್ದಿಲ್ಲದೆ ಸುಮ್ಮನೆ ಮಲಗಿರುತ್ತದೆ. ಕೂದಲು ಗಿಡ್ಡ, ಚರ್ಮ ತೆಳು. ಕತ್ತಿನ ಬುಡದಲ್ಲಿ ಬೆರಳಿಟ್ಟು ಒತ್ತಿದರೆ ರಕ್ತನಾಳ ಉಬ್ಬಿ ಎದ್ದು ಕಾಣುತ್ತದೆ. ಮೇಜಿನ ಕೆಳಗೆ ತಕ್ಕಡಿಯ ಮೇಲಿಟ್ಟ ಚೀಲಕ್ಕೆ, ಹೆಪ್ಪುಗಟ್ಟದಂತೆ ತಡೆಯುವ ದ್ರಾವಣದೊಡನೆ ಬೆರೆಯುತ್ತ, ಸುಮಾರು 450 ಮಿಲಿಲೀಟರ್ ರಕ್ತ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಅದನ್ನು ಕೆಂಪುಕಣ ಮತ್ತು ಪ್ಲಾಸ್ಮಾ ಎಂದು ಬೇರ್ಪಡಿಸಿದರೆ ಕೆಂಪುಕಣ ರಕ್ತಹೀನತೆಯಿಂದ ನರಳುವ ನಾಯಿಗೂ, ಪ್ಲಾಸ್ಮಾ ಇಲಿ ಪಾಷಾಣ ತಿಂದು ಒಳಗೇ ರಕ್ತ ಸೋರುತ್ತಿರುವ ನಾಯಿಗೂ ಒದಗುತ್ತದೆ.

ಇಷ್ಟೆಲ್ಲ ಅನುಕೂಲ ಬಿಟ್ಟಿಯಾಗಿ ಬಂದದ್ದಲ್ಲ. ಮೂರರಿಂದ ಐದು ವರ್ಷದೊಳಗೆ ಓಟಕ್ಕೆ ಬೇಡವಾದ ನಾಯಿಗಳು ಅಗ್ಗವಾಗಿ ಸಿಗುತ್ತಿದ್ದುದರಿಂದಲೇ ಅವುಗಳನ್ನು ಒಂದೇ ಕಡೆ ಕೂಡಿಹಾಕಿ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ತೆಗೆಯುವ ವ್ಯವಹಾರ ಬೆಳೆಯಿತು. ಚೆನ್ನಾಗಿ ನೋಡಿಕೊಂಡು, ಒಂದೆರಡು ವರ್ಷದ ನಂತರ ಒಳ್ಳೆಯ ಮನೆಗೆ ದತ್ತು ಕೊಡುವ ಕೇಂದ್ರಗಳಿದ್ದವು, ಈಗಲೂ ಇವೆ. ಆದರೆ 2017ರಲ್ಲಿ ಟೆಕ್ಸಾಸ್‌ನ ಒಂದು ಕೇಂದ್ರದ ನಾಯಿಗಳ ದುಃಸ್ಥಿತಿ ಬಯಲಾದಾಗ ರಕ್ತ ಕೊಳ್ಳುತ್ತಿದ್ದ ಆಸ್ಪತ್ರೆಗಳು ಬೆಚ್ಚಿಬಿದ್ದವು. ಕ್ಯಾಲಿಫೋರ್ನಿಯಾದಲ್ಲಂತೂ ಮಾರಾಟದ ರಕ್ತ ಹೀಗೆ ನಾಯಿಗಳನ್ನು ಒಳಗೇ ಇಟ್ಟುಕೊಂಡಿರುವ ಕೇಂದ್ರಗಳಿಂದಲೇ ಬರಬೇಕೆಂಬ ಕಾನೂನಿತ್ತು. 2021ರಲ್ಲಿ ಅದನ್ನು ತಿದ್ದಿ, ಮನೆನಾಯಿಗಳಿಂದ ರಕ್ತ ಪಡೆಯಲು ಅವಕಾಶ ಮಾಡಿಕೊಟ್ಟದ್ದಲ್ಲದೆ, ಆ ರಕ್ತ ಸಾಕಷ್ಟು ದೊರೆಯತೊಡಗಿದ ಮೇಲೆ ಅಂಥ ಕೇಂದ್ರಗಳನ್ನು ನಿಲ್ಲಿಸುವ ದಾರಿಯನ್ನೂ ಹಾಕಿಕೊಟ್ಟರು.

ರೇಸು ನಿಂತರೆ ರಕ್ತವಿಲ್ಲದೆ ಬೇರೆ ನಾಯಿಗಳು ಸಾಯುತ್ತವೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 2007ರಿಂದ ನಡೆಯುತ್ತಿರುವ ಪೆಟ್ ಬ್ಲಡ್ ಬ್ಯಾಂಕ್ ಮಾಲೀಕರು ಸ್ವಇಚ್ಛೆಯಿಂದ ಕರೆತರುವ ನಾಯಿಗಳನ್ನೇ ನಂಬಿಕೊಂಡಿದೆ. ಕೊರತೆ ನಿಜ, ಆದರೆ ಅದು ಸಂಘಟನೆಯ ಕೊರತೆ: ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಕೊಡುವ ಮನೆನಾಯಿಗಳು ಹೆಚ್ಚು ಸಂಖ್ಯೆಯಲ್ಲಿ ಬೇಕು, ಭಾನುವಾರ ಬೆಳಿಗ್ಗೆ ಅವುಗಳನ್ನು ಕರೆತರುವ ಮಾಲೀಕರೂ ಬೇಕು. ದತ್ತು ಹೋದ ಗ್ರೇಹೌಂಡ್‌ಗಳು ಈ ಸಾಲಿನಲ್ಲೂ ಮುಂದಿದ್ದವು. ಆದರೆ ದಾನಿಯ ವಯಸ್ಸು ಸಾಮಾನ್ಯವಾಗಿ ಎಂಟಕ್ಕೆ ಮುಗಿಯುತ್ತದೆ. ಫ್ಲೋರಿಡಾದಲ್ಲಿ 2020ರ ಕೊನೆಯ ರಾತ್ರಿ ಓಡಿದ ನಾಯಿಗೆ ಆಗ ಎರಡೇ ವರ್ಷವೆಂದುಕೊಂಡರೂ 2026ಕ್ಕೆ ಅದು ಎಂಟು ತಲುಪುತ್ತದೆ. ನ್ಯೂಜಿಲೆಂಡ್ ಸರ್ಕಾರವೂ 2024ರ ಡಿಸೆಂಬರಿನಲ್ಲಿ ರೇಸು ನಿಲ್ಲಿಸುವ ತೀರ್ಮಾನ ಪ್ರಕಟಿಸಿರುವುದರಿಂದ ಅಲ್ಲಿನ ವೈದ್ಯರೂ ಇದೇ ಲೆಕ್ಕ ಹಾಕಬೇಕಾಗಿದೆ.

ಊರಿನವರು ಕೇಳುವ ಮಾತೊಂದಿದೆ: ನಮ್ಮ ಮುಧೋಳ ನಾಯಿಯೂ ಓಟದ ನಾಯಿಯೇ ತಾನೆ, ಅದರ ರಕ್ತವೂ ಹೀಗೆಯೇ ಇರಬಹುದಲ್ಲವೇ? ಮೈಕಟ್ಟು ನೋಡಿ ಗುಂಪು ಹೇಳಲಾಗದು. ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಅದಕ್ಕಿಂತ ದೊಡ್ಡ ತೊಡಕು ಉಣುಗಿನಿಂದ ಹರಡುವ ಬೆಬೀಸಿಯಾ ಮತ್ತು ಎರ್ಲಿಕಿಯಾ ಎಂಬ ರೋಗಾಣುಗಳು. ನಾಯಿ ಆರೋಗ್ಯವಾಗಿ ಕಂಡರೂ ಇವು ರಕ್ತದಲ್ಲಿ ಅಡಗಿದ್ದು ಚೀಲದೊಂದಿಗೆ ರೋಗಿಗೆ ದಾಟಬಲ್ಲವು. ರೇಸಿನ ದೊಡ್ಡಿಗಳಿಂದ ಬಂದ ಗ್ರೇಹೌಂಡ್‌ಗಳಲ್ಲೂ ಬೆಬೀಸಿಯಾ ಸಾಮಾನ್ಯವಾಗಿತ್ತು, ಹಾಗಾಗಿ ಪರೀಕ್ಷಿಸದೆ ಯಾವುದನ್ನೂ ದಾನಿಯಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಭಾರತದ ಕೇಂದ್ರ ಪಶುಸಂಗೋಪನೆ ಇಲಾಖೆ 2025ರಲ್ಲಿ ಪ್ರಾಣಿಗಳ ರಕ್ತನಿಧಿಗಳಿಗೆ ಹೊರಡಿಸಿದ ಮಾರ್ಗಸೂಚಿ ಕೂಡ ಹಣ ಪಡೆಯದ ಸ್ವಇಚ್ಛೆಯ ದಾನವನ್ನೇ ಹೇಳುತ್ತದೆ. ನಿಮ್ಮ ನಾಯಿ ಒಂದರಿಂದ ಎಂಟು ವರ್ಷದೊಳಗಿದ್ದು, 25 ಕಿಲೋ ಮೀರಿ ತೂಗುತ್ತ, ಲಸಿಕೆಗಳೆಲ್ಲ ಸಕಾಲದಲ್ಲಿ ಆಗಿದ್ದು, ಹಿಂದೆಂದೂ ರಕ್ತ ಏರಿಸಿಕೊಂಡಿರದಿದ್ದರೆ, ಮುಂದಿನ ಸಲ ಲಸಿಕೆಗೆ ಹೋದಾಗ ಗುಂಪಿನ ಪರೀಕ್ಷೆಯನ್ನೂ ಉಣುಗಿನ ರೋಗಗಳ ಪರೀಕ್ಷೆಯನ್ನೂ ಮಾಡಿಸಿ ದಾನಿಗಳ ಪಟ್ಟಿಗೆ ಹೆಸರು ಬರೆಸಬಹುದು.