ಶಾಖಕ್ಕೆ ಜಗ್ಗದ ಪಾಲಿಮರುಗಳನ್ನು ಕರಗಿಸುವುದು ಹೇಗೆ?

ಸಾಮಾನ್ಯ ಪಾಲಿಥೀನ್ 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ಹರಿಯುತ್ತದೆ. ಕ್ಯಾಪ್ಟಾನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಪಾಲಿಇಮೈಡ್ ಹಾಳೆಯಾದರೋ 400 ಡಿಗ್ರಿಯ ಸಮೀಪದಲ್ಲೂ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ. ಜೇಮ್ಸ್ ವೆಬ್ ದೂರದರ್ಶಕದ ಐದು ಪದರಗಳ ಸೂರ್ಯಕವಚವನ್ನು ಇದೇ ಬಳಗದ ಹಾಳೆಯಿಂದ ಮಾಡಲಾಗಿದೆ. ಆದರೆ ಇಂಥ ವಸ್ತುವನ್ನು ಹಾಳೆಯ ರೂಪಕ್ಕೆ ತರುವುದೇ ದೊಡ್ಡ ಸವಾಲು. ಕಾಯಿಸಿದರೆ ಅದು ಹರಿಯುವುದಿಲ್ಲ, ಇನ್ನೂ ಕಾಯಿಸಿದರೆ ಹರಿಯುವ ಮೊದಲೇ ಕರಕಲಾಗುತ್ತದೆ, ಸಾಮಾನ್ಯ ದ್ರಾವಕಗಳಲ್ಲಿ ಎಷ್ಟು ದಿನ ನೆನೆಹಾಕಿದರೂ ಕರಗುವುದಿಲ್ಲ.

ಶಾಖವನ್ನು ತಾಳುವ ಗುಣಕ್ಕೂ ಕರಗದಿರುವ ಗುಣಕ್ಕೂ ಮೂಲ ಬಹುಮಟ್ಟಿಗೆ ಒಂದೇ. ಪಾಲಿಮರ್ ಎಂದರೆ ಚಿಕ್ಕ ಅಣುಗಳು ಸಾಲಾಗಿ ಬೆಸೆದುಕೊಂಡ ಉದ್ದನೆಯ ಸರಪಳಿ. ಈ ಪಾಲಿಮರುಗಳ ಸರಪಳಿಗಳು ಆರು ಇಂಗಾಲಗಳ ಬೆಂಜೀನ್ ಉಂಗುರಗಳಿಂದಲೂ ಅವುಗಳಿಗೆ ಬೆಸೆದುಕೊಂಡ ಇತರ ಉಂಗುರಗಳಿಂದಲೂ ಆಗಿರುವುದರಿಂದ ಸುಲಭವಾಗಿ ಬಾಗುವುದಿಲ್ಲ. ಬಾಗದ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ, ಒತ್ತಾಗಿ ಕೂತಾಗ ಅವುಗಳ ನಡುವಿನ ಆಕರ್ಷಣೆಯೂ ಬಲವಾಗುತ್ತದೆ. ದ್ರಾವಕವು ಈ ಆಕರ್ಷಣೆಯನ್ನು ಮೀರಿ ಒಳನುಗ್ಗಬೇಕು. ನುಗ್ಗಿದರೂ ಅದಕ್ಕೆ ಸಿಗುವ ಲಾಭ ಅಲ್ಪ, ಏಕೆಂದರೆ ಮೃದುವಾದ ಸರಪಳಿಯು ದ್ರಾವಣದಲ್ಲಿ ಸಾವಿರಾರು ಬಗೆಯ ಭಂಗಿಗಳನ್ನು ತಾಳಬಲ್ಲದು, ಬಿರುಸಾದ ಸರಪಳಿಗೆ ಆ ಸ್ವಾತಂತ್ರ್ಯವಿಲ್ಲ. ಉಷ್ಣಗತಿವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಕರಗುವಾಗ ದೊರೆಯುವ ಎಂಟ್ರೊಪಿ, ಅಂದರೆ ಸಾಧ್ಯವಿರುವ ಭಂಗಿಗಳ ಹೆಚ್ಚಳ, ತೀರಾ ಕಡಿಮೆ.

ಕೈಗಾರಿಕೆಯು ಮೊದಲು ಕಂಡುಕೊಂಡ ದಾರಿ, ಕರಗದ ಪಾಲಿಮರನ್ನು ಕರಗಿಸುವ ಗೋಜಿಗೇ ಹೋಗದೆ ಅದರ ಹಿಂದಿನ ಹಂತದಲ್ಲಿ ಕೆಲಸ ಮುಗಿಸುವುದು. ಪಾಲಿಇಮೈಡಿನ ಎರಡು ಕಚ್ಚಾ ಪದಾರ್ಥಗಳಲ್ಲಿ ಒಂದಾದ ಡೈಅಮೀನನ್ನು ಧ್ರುವೀಯ ದ್ರಾವಕವೊಂದರಲ್ಲಿ ಕರಗಿಸಿ, ಇನ್ನೊಂದಾದ ಡೈಅನ್‌ಹೈಡ್ರೈಡ್ ಪುಡಿಯನ್ನು ಸೇರಿಸಿ ಕಲಕುತ್ತಿದ್ದರೆ, ಕೋಣೆಯ ತಾಪದಲ್ಲೇ ಕೆಲವು ಗಂಟೆಗಳಲ್ಲಿ ದ್ರಾವಣವು ಜೇನಿನಂತೆ ಮಂದವಾಗುತ್ತದೆ. ಇದು ಪಾಲಿಇಮೈಡಿನ ಹಿಂದಿನ ರೂಪವಾದ ಪಾಲಿಅಮಿಕ್ ಆಮ್ಲ. ಇದರಲ್ಲಿ ಪಾಲಿಇಮೈಡಿಗೆ ಹೆಸರು ಕೊಟ್ಟ, ಸಾರಜನಕವುಳ್ಳ ಇಮೈಡ್ ಉಂಗುರಗಳು ಇನ್ನೂ ಮುಚ್ಚಿಕೊಂಡಿರುವುದಿಲ್ಲವಾದ್ದರಿಂದ ಸರಪಳಿ ಬಳುಕುತ್ತದೆ, ಕರಗುತ್ತದೆ. ಗಾಜಿನ ಮೇಲೆ ತೆಳುವಾಗಿ ಹರಡಿ ಮೆಲ್ಲಮೆಲ್ಲಗೆ 300 ಡಿಗ್ರಿಯವರೆಗೆ ಕಾಯಿಸಿದಾಗ ದ್ರಾವಕ ಆವಿಯಾಗಿ, ಮುಚ್ಚಿಕೊಳ್ಳುವ ಪ್ರತಿ ಉಂಗುರವೂ ನೀರಿನ ಒಂದು ಅಣುವನ್ನು ಹೊರಬಿಟ್ಟು, ಹೊಂಬಣ್ಣದ ಗಟ್ಟಿ ಹಾಳೆ ಉಳಿಯುತ್ತದೆ. ಈ ವಿಧಾನ ಜಾಣತನದ್ದೇ ಆದರೂ ಹೊರಬರುವ ನೀರು ಅದರ ಮಿತಿಯನ್ನು ನಿರ್ಧರಿಸುತ್ತದೆ. ಅವಸರದಿಂದ ಕಾಯಿಸಿದರೆ ಗುಳ್ಳೆಗಳೇಳುತ್ತವೆ. ದಪ್ಪನೆಯ ಭಾಗಗಳನ್ನು ಹೀಗೆ ಮಾಡುವುದು ಬಹಳ ಕಷ್ಟ. ತೇವ ತಗುಲಿದರೆ ಪಾಲಿಅಮಿಕ್ ಆಮ್ಲದ ಸರಪಳಿಯೇ ತುಂಡಾಗುವುದರಿಂದ ಅದನ್ನು ತಣ್ಣಗಿಟ್ಟು ಕಾಪಾಡಬೇಕು.

ಗುಂಡುನಿರೋಧಕ ಕವಚಗಳಲ್ಲಿ ಬಳಸುವ ಕೆವ್ಲಾರ್ ಎಂಬ ಪಾಲಿಮರಿಗೆ ಈ ದಾರಿಯೂ ಇಲ್ಲ, ಅದನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ನೂಲು ತೆಗೆಯುತ್ತಾರೆ.

ಹೀಗಿರುವಾಗ ಅಣುವಿನ ವಿನ್ಯಾಸವನ್ನೇ ಬದಲಿಸುವುದು ಹೆಚ್ಚು ಆಳವಾದ ಪರಿಹಾರ. ಇಂಗಾಲ ಮತ್ತು ಜಲಜನಕದಿಂದಾದ ಉದ್ದನೆಯ ಆಲ್ಕೈಲ್ ಬಾಲಗಳನ್ನು ಸರಪಳಿಗೆ ಜೋಡಿಸಿದರೆ ಪಾಲಿಮರ್ ಸಲೀಸಾಗಿ ಕರಗುತ್ತದೆ, ಆದರೆ ಶಾಖ ಏರಿದಾಗ ಆ ಬಾಲಗಳೇ ಮೊದಲು ಒಡೆಯುತ್ತವೆ. ಸರಪಳಿಯೊಳಗೆ ಆಮ್ಲಜನಕದ ಈಥರ್ ಕೊಂಡಿಗಳನ್ನು ಸೇರಿಸಿದರೆ ಅದು ಕೀಲಿನಂತೆ ಬಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಅಲ್ಟೆಮ್ ಎಂಬ ಪಾಲಿಈಥರ್‌ಇಮೈಡ್ ಇಂಥದ್ದು. ಅದನ್ನು ಕಾಯಿಸಿ ಕರಗಿಸಿ ಅಚ್ಚಿಗೆ ತುಂಬಬಹುದು, ಆದರೆ ಸುಮಾರು 217 ಡಿಗ್ರಿಯಲ್ಲಿ ಅದು ಮೆತ್ತಗಾಗತೊಡಗುತ್ತದೆ. ಶಾಖಸಹಿಷ್ಣುತೆಯ ಒಂದು ಪಾಲನ್ನು ಕೊಟ್ಟು ಕೊಂಡ ಅನುಕೂಲವಿದು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಸೊಗಸಾದ ಉಪಾಯ, ಸರಪಳಿಯನ್ನು ಮೆದುಗೊಳಿಸದೆ ಅದರ ಒತ್ತಾದ ಜೋಡಣೆಯನ್ನಷ್ಟೇ ಕೆಡಿಸುವುದು. ಫ್ಲೂರೀನ್ (fluorene; ಫ್ಲೋರಿನ್ ಅನಿಲವಲ್ಲ) ಎಂಬ, ಉಂಗುರಗಳಿಂದಾದ ಚಪ್ಪಟೆ ಗುಂಪನ್ನು ಸರಪಳಿಯ ಒಂದು ಇಂಗಾಲಕ್ಕೆ ಬೆಸೆದಾಗ ಅದು ಮುಖ್ಯ ಸರಪಳಿಗೆ ಅಡ್ಡವಾಗಿ ನಿಲ್ಲುತ್ತದೆ. ನೆರೆಯ ಸರಪಳಿಗಳು ಹತ್ತಿರ ಬರಲಾರವು, ಆ ಸಂದಿನಲ್ಲಿ ದ್ರಾವಕಕ್ಕೆ ಜಾಗ ಸಿಗುತ್ತದೆ. ಹಾಗೆಂದು ಸರಪಳಿಯ ತಿರುಗಾಟ ಸುಲಭವಾಗುವುದಿಲ್ಲ, ಈ ಭಾರಿ ಗುಂಪು ಅದನ್ನು ಇನ್ನಷ್ಟು ತಡೆಯುತ್ತದೆ. ಆದ್ದರಿಂದ ಮೆತ್ತಗಾಗುವ ತಾಪ ಎತ್ತರದಲ್ಲೇ ಉಳಿಯುತ್ತದೆ. ಒಂದು ಇಂಗಾಲಕ್ಕೆ ಮೂರು ಫ್ಲೋರಿನ್ ಪರಮಾಣುಗಳು ಅಂಟಿದ ಟ್ರೈಫ್ಲೋರೋಮೀಥೈಲ್ ಗುಂಪುಗಳನ್ನು ಸೇರಿಸಿದಾಗ ಮತ್ತೊಂದು ಪ್ರಯೋಜನವಿದೆ. ಪಾಲಿಇಮೈಡಿನ ಹೊಂಬಣ್ಣಕ್ಕೆ ಕಾರಣವಾದ, ಇಲೆಕ್ಟ್ರಾನ್ ಕೊಡುವ ಮತ್ತು ಪಡೆಯುವ ಭಾಗಗಳ ನಡುವಿನ ನಂಟು ದುರ್ಬಲಗೊಂಡು, ಹಾಳೆ ಹೆಚ್ಚುಕಡಿಮೆ ಬಣ್ಣರಹಿತವಾಗುತ್ತದೆ. ಮಡಚುವ ಫೋನುಗಳ ಪರದೆಗೆ ಇಂಥ ಪಾರದರ್ಶಕ ಪಾಲಿಇಮೈಡನ್ನು ಬಳಸಲಾಗಿದೆ.

ಆದರೆ ತಯಾರಿಯ ಹೊತ್ತಿನಲ್ಲಿ ವರವಾಗಿದ್ದ ಕರಗುವ ಗುಣ ಬಳಕೆಯ ಹೊತ್ತಿನಲ್ಲಿ ದೋಷವಾಗಬಲ್ಲದು. ವಿಮಾನದ ಭಾಗವೊಂದರ ಮೇಲೆ ಇಂಧನವೋ ಶುಚಿಗೊಳಿಸುವ ದ್ರವವೋ ಬಿದ್ದಾಗ ಅದು ಉಬ್ಬಬಾರದು, ಬಿರಿಯಬಾರದು. ಈ ತೊಡಕಿಗೆ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರವು ಒಂದು ಉತ್ತರವನ್ನು ಅಭಿವೃದ್ಧಿಪಡಿಸಿತು. ಚಿಕ್ಕ ಇಮೈಡ್ ಸರಪಳಿಗಳ ಎರಡು ತುದಿಗಳಿಗೂ ಫಿನೈಲ್‌ಎಥಿನೈಲ್ ಗುಂಪುಗಳನ್ನು ಇಡಲಾಗುತ್ತದೆ. ಸರಪಳಿಗಳು ಚಿಕ್ಕವಾಗಿರುವುದರಿಂದ ಕಾದಾಗ ಹರಿದು, ಭಾಗವನ್ನು ಬಲಪಡಿಸಲು ಇಟ್ಟ ಇಂಗಾಲದ ಎಳೆಗಳ ನಡುವೆಲ್ಲ ತುಂಬಿಕೊಳ್ಳುತ್ತವೆ. ತಾಪ 350 ಡಿಗ್ರಿ ದಾಟಿದಾಗ ತುದಿಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಈ ಹಂತದಲ್ಲಿ ನೀರಾಗಲಿ ಬೇರೆ ಆವಿಯಾಗಲಿ ಹುಟ್ಟುವುದಿಲ್ಲವಾದ್ದರಿಂದ ದಪ್ಪನೆಯ ಭಾಗಗಳಲ್ಲೂ ಗುಳ್ಳೆಗಳ ಕಾಟ ತಗ್ಗುತ್ತದೆ, ಮತ್ತು ಒಮ್ಮೆ ಬೆಸೆದುಕೊಂಡ ಬಲೆಯೊಳಗೆ ದ್ರಾವಕವು ಸುಲಭವಾಗಿ ದಾರಿ ಮಾಡಿಕೊಳ್ಳಲಾರದು.