ಕರಿಕಲ್ಲೊಳಗಿನ ಉಲ್ಟಾ ಉತ್ತರ

ವಿಜಯಪುರದ ಗೋಲಗುಂಬಜ್ ಕಟ್ಟಿರೋ ಕರಿಕಲ್ಲು ಇದೆಯಲ್ಲ, ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಡೆಕ್ಕನ್ ತುಂಬ ಹರಿದು ಗಟ್ಟಿಯಾದ ಲಾವಾ. ಅದರೊಳಗೆ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜದ ಸಣ್ಣ ಸಣ್ಣ ಕಣಗಳಿವೆ, ಲಾವಾ ಆರ್ತಾ ಆರ್ತಾ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಾಗ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಆ ದಿಕ್ಕು ಈ ಕಣಗಳಲ್ಲಿ ಅಚ್ಚೊತ್ತಿದ ಹಾಗೆ ಉಳಿದುಬಿಡತ್ತೆ.

ಆಶ್ಚರ್ಯ ಏನಂದ್ರೆ ಡೆಕ್ಕನ್‌ನ ಬಹುಪಾಲು ಲಾವಾದಲ್ಲಿ ಆ ದಿಕ್ಕು ಉಲ್ಟಾ ಇದೆ. ಅವತ್ತು ಯಾರಾದ್ರೂ ದಿಕ್ಸೂಚಿ ಹಿಡಿದು ನಿಂತಿದ್ರೆ ಮುಳ್ಳಿನ ಉತ್ತರದ ತುದಿ ದಕ್ಷಿಣಕ್ಕೆ ತಿರುಗ್ತಿತ್ತು! ಮಹಾಬಳೇಶ್ವರದ ಘಾಟಿಯಲ್ಲಂತೂ ಕೆಳಗಿನ ಪದರಗಳು ಉಲ್ಟಾ, ಮೇಲಕ್ಕೆ ಹತ್ತಿದ್ರೆ ಈಗಿನ ಹಾಗೆ ಸರಿ, ಅಂದ್ರೆ ಒಂದು ಕಡೆ ಲಾವಾ ಹರೀತಾ ಇರೋವಾಗ್ಲೇ ಇನ್ನೊಂದು ಕಡೆ ಧ್ರುವಗಳು ಅದಲು ಬದಲಾಗಿವೆ.

ಇಂಥದ್ದನ್ನ ಮೊದಲು ಹಿಡಿದವರಲ್ಲಿ ಒಬ್ರು ಫ್ರಾನ್ಸಿನ ಬರ್ನಾರ್ಡ್ ಬ್ರೂನ್, 1906ರಲ್ಲಿ. ಅವರಿಗೆ ಸಿಕ್ಕಿದ್ದು ಲಾವಾ ಮತ್ತೆ ಅದರಡಿಯ ಜೇಡಿಮಣ್ಣು. ಮೇಲೆ ಹರಿದ ಲಾವಾದ ಕಾವಿಗೆ ಆ ಮಣ್ಣು ಗೂಡಿನಲ್ಲಿಟ್ಟ ಇಟ್ಟಿಗೆ ಥರ ಸುಟ್ಟಿತ್ತು, ಎರಡರಲ್ಲೂ ದಿಕ್ಕು ಉಲ್ಟಾ. ಬೇರೆ ಬೇರೆ ವಸ್ತು, ಹೇಳೋದು ಮಾತ್ರ ಒಂದೇ ಮಾತು, ನನಗೆ ಈ ಸಾಕ್ಷಿ ತುಂಬ ಇಷ್ಟ. ಆಮೇಲೆ 1929ರಲ್ಲಿ ಜಪಾನಿನ ಮಟುಯಾಮಾ ಹಳೇ ಲಾವಾಗಳ ವಯಸ್ಸು ನೋಡಿ ಉಲ್ಟಾ ಕಾಲ ಬೇರೆ, ಸರಿ ಇದ್ದ ಕಾಲ ಬೇರೆ ಅಂತ ತೋರಿಸಿದ್ರು. ಕೊನೇ ಸಲ ಪೂರ್ತಿ ತಿರುಗಿದ್ದು ಸುಮಾರು 7.7 ಲಕ್ಷ ವರ್ಷದ ಹಿಂದೆ, ಆ ಗಡಿಗೆ ಇವರಿಬ್ಬರ ಹೆಸರೇ ಇದೆ.

ಯಾಕೆ ತಿರುಗತ್ತೆ? ನಮ್ಮ ಕಾಲಡಿ 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಸದಾ ಹರಿದಾಡ್ತಾ ಕಾಂತಕ್ಷೇತ್ರ ಹುಟ್ಟಿಸ್ತಿರತ್ತೆ, ಆ ಹರಿವು ಏರುಪೇರಾದಾಗ ಕ್ಷೇತ್ರ ಸೊರಗಿ, ಸಾವಿರಾರು ವರ್ಷ ತಗೊಂಡು ಇನ್ನೊಂದು ದಿಕ್ಕಿಗೆ ಬಲ ಹಿಡಿಯತ್ತೆ. ಇದಕ್ಕೆ ಟೈಮ್‌ಟೇಬಲ್ ಇಲ್ಲ, ಡೈನೋಸಾರ್ ಕಾಲದಲ್ಲಿ ಒಂದ್ಸಲ ಹೆಚ್ಚೂಕಮ್ಮಿ 4 ಕೋಟಿ ವರ್ಷ ತಿರುಗಲೇ ಇಲ್ಲ.

ಧ್ರುವ ತಿರುಗೋದು ಅಂದ್ರೆ ಭೂಮಿನೇ ಮಗುಚಿಬೀಳೋದು ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಓಡಾಡತ್ತೆ, ದಯವಿಟ್ಟು ನಂಬಬೇಡಿ. ಸುಮಾರು 41,000 ವರ್ಷದ ಹಿಂದೆ ಕ್ಷೇತ್ರ ತುಂಬ ಸೊರಗಿ, ಸ್ವಲ್ಪ ಕಾಲ ಉಲ್ಟಾ ಆಗಿ ಮತ್ತೆ ಮೊದಲಿನಂತಾಯ್ತು, ಆಗ ನಮ್ಮಂಥ ಮನುಷ್ಯರು ಭೂಮಿ ಮೇಲೆ ಇದ್ರು, ಬದುಕಿದ್ರು. ಈಗ ಹಾಗಾದ್ರೆ ಸ್ಯಾಟಲೈಟ್, ಕರೆಂಟ್ ಲೈನುಗಳಿಗೆ ತೊಂದರೆ ಜಾಸ್ತಿ, ಆ ಚಿಂತೆ ನಿಜವಾದದ್ದೇ.

ಗೋಲಗುಂಬಜ್ ಕಲ್ಲುಗಳಲ್ಲೂ ಈ ಅಚ್ಚು ಇದ್ದೇ ಇರತ್ತೆ, ಆದ್ರೆ ಅಲ್ಲಿ ಅಳೆದು ಉಪಯೋಗ ಇಲ್ಲ. ಬಂಡೆ ಇದ್ದಲ್ಲೇ ಒಂದಿಂಚು ದಪ್ಪದ ತುಂಡು ಕೊರೆದು, ಕೀಳೋ ಮುಂಚೆ ಅದರ ಮೇಲೆ ಉತ್ತರ ಯಾವ ಕಡೆ ಅಂತ ಗೀಟು ಹಾಕಿದ್ರೆ ಮಾತ್ರ ಲ್ಯಾಬ್‌ನಲ್ಲಿ ಓದೋಕಾಗೋದು. ಗೋಡೆ ಕಟ್ಟಿದವರು ಕಲ್ಲನ್ನ ಹೊಂದೋ ಹಾಗೆ ತಿರುಗಿಸಿ ಕೂರಿಸಿದಾರೆ, ಈಗ ಅಲ್ಲಿ ಪಕ್ಕ ಪಕ್ಕದ ಕಲ್ಲುಗಳೇ ಒಂದೊಂದು ದಿಕ್ಕು ತೋರಿಸ್ತಿವೆ.