ವರದಿಯಲ್ಲಿ ‘ಉರಿಯೂತ’, ಗಂಟಲಲ್ಲಿ ಗಡ್ಡೆ

ಧ್ವನಿಪೆಟ್ಟಿಗೆಯ ಕ್ಯಾನ್ಸರುಗಳಲ್ಲಿ ಶೇ 90ಕ್ಕೂ ಹೆಚ್ಚು ಒಳಪದರದ ಚಪ್ಪಟೆ (ಸ್ಕ್ವಾಮಸ್) ಕೋಶಗಳಿಂದ ಹುಟ್ಟಿದವು. ಬೀಡಿ, ಸಿಗರೇಟು, ಮದ್ಯದ ಹಿನ್ನೆಲೆ, ಒರಟು ಅಂಚಿನ ಹುಣ್ಣು. ಕಿವಿ-ಮೂಗು-ಗಂಟಲು ತಜ್ಞರಿಗೆ ಅದರ ಗುರುತು ಬೇಗ ಸಿಗುತ್ತದೆ. ಆ ಚಿತ್ರಕ್ಕೆ ಒಗ್ಗಿಹೋದ ಕಣ್ಣನ್ನು ಯಾಮಾರಿಸುವ ಗಡ್ಡೆಯೊಂದಿದೆ: ಪ್ಲಾಸ್ಮಾ ಕೋಶಗಳಿಂದ ಹುಟ್ಟುವ ಪ್ಲಾಸ್ಮಸೈಟೋಮಾ.

ಪ್ಲಾಸ್ಮಾ ಕೋಶಗಳ ಕಸುಬು ಪ್ರತಿಕಾಯಗಳನ್ನು ತಯಾರಿಸುವುದು. ಮೂಳೆಯ ಮಜ್ಜೆಯಲ್ಲಿ ಅವು ಹದ್ದುಮೀರಿ ಬೆಳೆದರೆ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್. ಅಪರೂಪಕ್ಕೆ ಮೂಳೆಯ ಹೊರಗೆ, ಮೆತ್ತನೆಯ ಅಂಗಾಂಶದಲ್ಲಿ ಒಂಟಿ ಗಡ್ಡೆಯಾಗಿ ಬೆಳೆಯುತ್ತವೆ. ಅಂಥವುಗಳಲ್ಲಿ ಸುಮಾರು ಶೇ 80 ಕಾಣಿಸಿಕೊಳ್ಳುವುದು ತಲೆ ಮತ್ತು ಕುತ್ತಿಗೆಯ ಭಾಗದಲ್ಲೇ, ಅದರಲ್ಲೂ ಮೂಗು, ಸೈನಸ್‌ಗಳಲ್ಲಿ. ಧ್ವನಿಪೆಟ್ಟಿಗೆಗೆ ಬರುವುದು ತೀರಾ ಕಡಿಮೆ.

ಐವತ್ತು ದಾಟಿದ ಗಂಡಸು, ತಿಂಗಳುಗಟ್ಟಲೆ ಕಟ್ಟಿದ ಗಂಟಲು, ‘ನಾನು ಬೀಡಿ ಮುಟ್ಟಿದವನಲ್ಲ ಡಾಕ್ಟರೇ’ ಎಂಬ ಮಾತು. ಎಂಡೋಸ್ಕೋಪ್ ಇಳಿಸಿದರೆ ಎಪಿಗ್ಲಾಟಿಸ್ (ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚುವ ಮುಚ್ಚಳ) ಮೇಲೋ ಸ್ವರತಂತುವಿನ ಬಳಿಯೋ ನುಣುಪಾದ ಕೆಂಪು ಉಬ್ಬು. ಮೇಲಿನ ಲೋಳೆಪೊರೆ ಬಹುಪಾಲು ಹಾಗೆಯೇ ಇರುತ್ತದೆ, ಗಡ್ಡೆ ಅದರಡಿಯಲ್ಲಿದೆ. ಮೇಲುಮೇಲೆ ಚಿವುಟಿ ಕಳಿಸಿದ ತುಣುಕಿಗೆ ‘ದೀರ್ಘಕಾಲದ ಉರಿಯೂತ’ ಎಂಬ ವರದಿ ಬಂದರೆ ರೋಗಿಯ ಮನೆಯವರಿಗೆಲ್ಲ ನೆಮ್ಮದಿ. ನನಗೆ ಮಾತ್ರ ಆ ನೆಮ್ಮದಿ ಇಲ್ಲ. ಕಣ್ಣೆದುರು ಗಡ್ಡೆ ಇರುವಾಗ ಕಾಗದ ಉರಿಯೂತ ಎಂದರೆ, ಅರಿವಳಿಕೆ ಕೊಟ್ಟು ಆಳದಿಂದ ಇನ್ನೊಮ್ಮೆ ಬಯಾಪ್ಸಿ ತೆಗೆಯಲೇಬೇಕು. ಈ ಗಡ್ಡೆಗೆ ರಕ್ತನಾಳಗಳು ಹೆಚ್ಚು, ಆದ್ದರಿಂದ ರಕ್ತಸ್ರಾವಕ್ಕೆ ಸಿದ್ಧವಾಗಿಯೇ ಕೈ ಹಾಕಬೇಕು.

ಆಮೇಲಿನ ಹೊಣೆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್‌ರದು. ಒಂದು ಬದಿಗೆ ಸರಿದ ಕೋಶಕೇಂದ್ರ, ಅದರೊಳಗೆ ಗಡಿಯಾರದ ಅಂಕಿಗಳಂತೆ ಸುತ್ತ ಹರಡಿದ ಕಪ್ಪು ಚುಕ್ಕೆಗಳು: ಪ್ಲಾಸ್ಮಾ ಕೋಶವೆಂದು ಗೊತ್ತಾಗಲು ಇಷ್ಟು ಸಾಕು. ಆದರೆ ಉರಿಯೂತದಲ್ಲೂ ಇದೇ ಕೋಶಗಳು ಗುಂಪುಗೂಡುತ್ತವಲ್ಲ! ಪ್ಲಾಸ್ಮಾ ಕೋಶಗಳನ್ನು ಗುರುತಿಸಲು ಹಾಕುವ ಸಿಡಿ138 ಬಣ್ಣವನ್ನು ಕೆಲವು ಕಾರ್ಸಿನೋಮಾಗಳೂ (ಒಳಪದರದಲ್ಲಿ ಹುಟ್ಟುವ ಕ್ಯಾನ್ಸರುಗಳೂ) ಹಿಡಿಯುತ್ತವೆ. ನಿಜವಾದ ತೀರ್ಪು ಸಿಗುವುದು ಕಪ್ಪಾ, ಲ್ಯಾಂಬ್ಡಾ ಪರೀಕ್ಷೆಯಲ್ಲಿ. ಇವು ಪ್ರತಿಕಾಯದ ಭಾಗವಾದ ಲೈಟ್ ಚೈನ್‌ನ ಎರಡು ಬಗೆಗಳು, ಒಂದು ಕೋಶ ಒಂದನ್ನಷ್ಟೇ ತಯಾರಿಸುತ್ತದೆ. ಉರಿಯೂತವಾದರೆ ಎರಡು ಬಗೆಯ ಕೋಶಗಳೂ ಬೆರೆತಿರುತ್ತವೆ. ಗಡ್ಡೆಯಾದರೆ ಎಲ್ಲವೂ ಒಂದೇ ವಂಶದವು, ಒಂದೇ ಬಗೆಯವು. ಜೊತೆಗೆ ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನ್ ಶೇಖರವಾಗಿದೆಯೇ ಎಂದು ಕಾಂಗೋ ರೆಡ್ ಬಣ್ಣವನ್ನೂ ಹಾಕಿಸುವುದು ಒಳ್ಳೆಯದು.

ಹೆಸರು ತಿಳಿದ ಮಾತ್ರಕ್ಕೆ ಚಿಕಿತ್ಸೆಗೆ ಧಾವಿಸುವಂತಿಲ್ಲ. ಇದು ಒಂಟಿಯೋ, ಮೈಲೋಮಾದ ಒಂದು ಮುಖವೋ ಎಂಬುದು ಇತ್ಯರ್ಥವಾಗಬೇಕು. ಅದಕ್ಕೆ ಬೇಕಾದ ಪರೀಕ್ಷೆಗಳು: ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್, ರಕ್ತ ಮತ್ತು ಮೂತ್ರದ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ (ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ), ರಕ್ತದಲ್ಲಿ ಬಿಡಿಯಾಗಿರುವ ಲೈಟ್ ಚೈನ್ (ಫ್ರೀ ಲೈಟ್ ಚೈನ್), ಸೊಂಟದ ಮೂಳೆಯಿಂದ ಮಜ್ಜೆಯ ಪರೀಕ್ಷೆ, ಪೆಟ್ ಸಿಟಿ ಸ್ಕ್ಯಾನ್. ‘ಗಂಟಲ ಗಡ್ಡೆಗೆ ಸೊಂಟದ ಮೂಳೆ ಏಕೆ ಚುಚ್ಚುತ್ತೀರಿ?’ ಎಂದು ಬಂಧುಗಳು ರೇಗುವುದು ಸಹಜ. ಮಜ್ಜೆಯಲ್ಲಿ ರೋಗ ಹರಡಿದ್ದರೆ ಗಂಟಲಿಗಷ್ಟೇ ಕೊಟ್ಟ ಚಿಕಿತ್ಸೆ ಸಾಲದು ಎಂದು ವಿವರಿಸಿದರೆ ಒಪ್ಪುತ್ತಾರೆ.

ಒಂಟಿ ಎಂದು ಖಚಿತವಾದರೆ ಸುದ್ದಿ ಬಹುಮಟ್ಟಿಗೆ ಒಳ್ಳೆಯದೇ. ವಿಕಿರಣಕ್ಕೆ ಈ ಕೋಶಗಳು ಸುಲಭವಾಗಿ ಮಣಿಯುತ್ತವೆ. ಸಾಮಾನ್ಯವಾಗಿ 40ರಿಂದ 50 ಗ್ರೇ (ವಿಕಿರಣದ ಅಳತೆ), ನಾಲ್ಕೈದು ವಾರಗಳಲ್ಲಿ ಹಂಚಿ ಕೊಡುತ್ತಾರೆ. ಪುಟ್ಟ ಗಡ್ಡೆಯನ್ನು ಎಂಡೋಸ್ಕೋಪ್ ಮೂಲಕವೇ ಪೂರ್ತಿ ತೆಗೆಯಬಹುದು. ಇಡೀ ಧ್ವನಿಪೆಟ್ಟಿಗೆಯನ್ನು ಕತ್ತರಿಸಿ ತೆಗೆಯುವುದನ್ನು ಮೊದಲ ಚಿಕಿತ್ಸೆಯಾಗಿ ಯಾರಾದರೂ ಸೂಚಿಸಿದರೆ ಎರಡನೆಯ ಅಭಿಪ್ರಾಯ ಕೇಳಿ ಎಂದೇ ಹೇಳುತ್ತೇನೆ. ಒಂಟಿ ಗಡ್ಡೆಗೆ ಕೀಮೋಥೆರಪಿ ರೂಢಿಯಲ್ಲಿಲ್ಲ.

ಇಂಥ ರೋಗಿಗಳಲ್ಲಿ ಸುಮಾರು ಶೇ 10ರಿಂದ 30ರಷ್ಟು ಮಂದಿಗೆ ಮುಂದೆ ಮೈಲೋಮಾ ಬರುತ್ತದೆ, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ. ಹಾಗಾಗಿ ದನಿ ತಿಳಿಯಾದರೂ ಎಂಡೋಸ್ಕೋಪಿ ಮತ್ತು ರಕ್ತದ ಪ್ರೋಟೀನ್ ಪರೀಕ್ಷೆ ಮುಂದುವರಿಯಬೇಕು. ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ಥೈರಾಯ್ಡ್ ಮಂದವಾಗುವುದುಂಟು. ಅದನ್ನು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆಯನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.